ಬಂದ ಸರದಿಯಂತೆ

ಕರುಂಕುಳಂ ರಸ್ತೆ ಠಾಣೆ,
ವವುನಿಯಾ ಜಿಲ್ಲೆ.
6 ಸೆಪ್ಟೆಂಬರ್ 1926

ಪ್ರಿಯ ವೆರ್ನನ್,

ಹೋದ ವಾರ ಇಪ್ಪತ್ತೆಂಟನೆಯ ಮೈಲಿಗಲ್ಲನ್ನು ಆನೆ ಕಿತ್ತುಹಾಕಿತು. ಬೆನ್ನು ತುರಿಸಿಕೊಳ್ಳಲು ಇಡೀ ಕಾಡಿನ ಮರಗಳಿದ್ದರೂ ಅದಕ್ಕೆ ಸರ್ಕಾರದ ಕಲ್ಲೇ ಬೇಕು. ಮಾರನೆಯ ದಿನವೇ ಜಿಲ್ಲಾ ಇಂಜಿನಿಯರ್ ದೊರೆ ತಪಾಸಣೆಗೆ ಬಂದ.

“ಏನ್ರೀ ಓವರ್‌ಸಿಯರ್, ಇಲ್ಲೊಂದು ಕಲ್ಲಿತ್ತಲ್ಲ?”

“ಆನೆ ತಗೊಂಡ್ಹೋಯ್ತು ಸಾರ್.”

“ಹೌದಾ? ರಸೀದಿ ಕೊಡ್ತಾ?”

ನಾನು ಬಾಯಿ ಬಿಡುವ ಮೊದಲೇ ನಮ್ಮ ಕೂಲಿ ತಂಡದ ಮೇಸ್ತ್ರಿ ಕರುಪ್ಪನ್ ಕೆಸರಿನಲ್ಲಿ ಮೂಡಿದ್ದ ಆನೆಹೆಜ್ಜೆಯನ್ನು ತೋರಿಸಿ, “ಹೆಬ್ಬೆಟ್ಟು ಒತ್ತಿ ಹೋಗಿದೆ ದೊರೆ, ನೋಡ್ಕಳಿ” ಎಂದ. ದೊರೆ ನಕ್ಕುಬಿಟ್ಟ. ಹೊಸ ಕಲ್ಲು ಮಂಜೂರಾಯಿತು. ಹನ್ನೊಂದು ವರ್ಷದಿಂದ ಇಲಾಖೆಯ ಭಾಷೆ ಕಲಿಯುತ್ತಿರುವ ನನಗೆ ಬಾರದ ಉತ್ತರ, ಸಹಿ ಹಾಕಲು ಬಾರದ ಅವನಿಗೆ ಬಂತು.

ಈ ತಿಂಗಳು ಮೂವತ್ತಕ್ಕೆ ನಾನು ಇಲ್ಲಿಗೆ ಬಂದು ಎರಡು ವರ್ಷ. ಜ್ವರದ ಠಾಣೆಯಲ್ಲಿ ಯಾರನ್ನೂ ಎರಡು ವರ್ಷಕ್ಕಿಂತ ಹೆಚ್ಚು ಇಡಬಾರದೆಂಬ ನಿಯಮ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಆಗಸ್ಟ್ ಹನ್ನೆರಡರಂದೇ ವರ್ಗಾವಣೆಯ ಅರ್ಜಿಯನ್ನು ಜಿಲ್ಲೆಯ ಮೂಲಕ, ಪ್ರಾಂತ್ಯದ ಮೂಲಕ, ಮೆಟ್ಟಿಲಿಗೊಂದು ನಮಸ್ಕಾರ ಹಾಕಿಸಿ ಕಳಿಸಿದ್ದೇನೆ. ಇದನ್ನು ಗೆಳೆಯನಿಗೆ ಹೇಳುತ್ತಿದ್ದೇನೆ, ಸಿಬ್ಬಂದಿ ಶಾಖೆಯ ಹೆಡ್ ಗುಮಾಸ್ತನಿಗಲ್ಲ.

ನವೆಂಬರಿನಲ್ಲಿ ಮಳೆ. ಮಳೆಯ ಹಿಂದೆಯೇ ಜ್ವರ. ಎರಡು ಸಲವೂ ನನಗೆ ಬಂದು ಹೋಯಿತು. ಜ್ವರ ಹೋಗುತ್ತದೆ, ಕ್ವಿನೈನ್ ಉಳಿಯುತ್ತದೆ. ಅದರಿಂದ ಕಿವಿಯಲ್ಲಿ ಸದಾ ಜೀರುಂಡೆ. ವವುನಿಯಾದ ಡಾಕ್ಟರು ಕಿವಿಯೊಳಗೆ ದೀಪ ಬಿಟ್ಟು ನೋಡಿ, “ಇನ್ನೊಂದು ಮಳೆಗಾಲ ಇಲ್ಲಿ ಕಳೆದ್ರೆ ಕಿವಿ ವಾಪಸ್ ಬರಲ್ಲ ಕಣ್ರಿ” ಎಂದರು. ನನ್ನ ಇಪ್ಪತ್ತೆರಡು ಮೈಲಿಯಲ್ಲಿ ಹದಿನೇಳು ಮರದ ಸೇತುವೆಗಳಿವೆ. ತೊಲೆಗೆ ಕೊಡತಿಯಿಂದ ಒಂದೇಟು ಹಾಕಿ, ಸದ್ದು ಕೇಳಿ, ಒಳಗೆ ಗೆದ್ದಲಿದೆಯೋ ಇಲ್ಲವೋ ಹೇಳುವವನು ನಾನು. ಕಿವಿ ಹೋದರೆ ಇನ್ಸ್‌ಪೆಕ್ಟರ್ ಹುದ್ದೆಯ ಆಸೆಯಂತೂ ಹೋಯಿತು, ಇರುವ ಕೆಲಸವೂ ಹೋಗುತ್ತದೆ.

ತಂಗಮುತ್ತು ಈ ಕಾಗದವನ್ನು ಹೆಗಲ ಮೇಲಿಂದ ಇಣುಕಿ, “ಕೆಲಾರ್ಟ್ ಅಣ್ಣನಿಗೆ ಇಷ್ಟು ಸುತ್ತಿ ಬಳಸಿ ಯಾಕ್ರೀ ಬರೀತೀರಿ? ನಮ್ಮನ್ನ ಕರೆಸ್ಕೊ ಅಂತ ಬರೀರಿ” ಎನ್ನುತ್ತಿದ್ದಾಳೆ. ಹಾಗೆ ಬರೆಯಬಾರದು ಎಂದರೆ ಅವಳಿಗೆ ಅರ್ಥವಾಗುವುದಿಲ್ಲ.

ನಿನ್ನ,
ತಾಮೋದರಂ


ಸಿಬ್ಬಂದಿ ಶಾಖೆ, ಕೊಲಂಬೊ.
18 ಸೆಪ್ಟೆಂಬರ್ 1926

ಪ್ರಿಯ ತಾಮು,

ನೀನು ಕೇಳದ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಖಾಸಗಿ ಶಿಫಾರಸು ತಂದವರ ಅರ್ಜಿಯನ್ನು ಹಾಗೆಯೇ ತಿರಸ್ಕರಿಸಬೇಕೆಂಬ ಸುತ್ತೋಲೆ ನನ್ನ ಕೈಬರಹದಲ್ಲೇ ಗೋಡೆಯ ಮೇಲಿದೆ. ಅದಕ್ಕೆ ನಾನೇ ಮೊಳೆ ಹೊಡೆದವನು.

ಇಲ್ಲಿಯ ಕಥೆ ಕೇಳು. ಹದಿನಾಲ್ಕು ಜನ ಇಂಜಿನಿಯರ್ ದೊರೆಗಳಲ್ಲಿ ಐವರು ತಮ್ಮ ದೇಶಕ್ಕೆ ರಜೆಯ ಮೇಲೆ ಹೋಗಿದ್ದಾರೆ, ಇಬ್ಬರು ಹಡಗಿನಲ್ಲಿ ಬರುತ್ತಿದ್ದಾರೆ, ಒಬ್ಬ ಹಡಗಿನಲ್ಲಿ ಹೋಗುತ್ತಿದ್ದಾನೆ. ಸಮುದ್ರದ ಮೇಲಿರುವವನನ್ನು ಯಾವ ಜಿಲ್ಲೆಯ ಪಟ್ಟಿಗೆ ಸೇರಿಸಬೇಕೆಂದು ಮೂರು ದಿನ ಟಿಪ್ಪಣಿ ಓಡಾಡಿತು. ಕೊನೆಗೆ ಒಬ್ಬ ಹಂಗಾಮಿಯ ಜಾಗಕ್ಕೆ ಇನ್ನೊಬ್ಬ ಹಂಗಾಮಿ, ಅವನ ಜಾಗಕ್ಕೆ ಮತ್ತೊಬ್ಬ. ನಾನೊಂದು ಪದ ಕಟ್ಟಿದ್ದೇನೆ:

ದೊರೆಗೆ ರಜೆ, ನಮಗೆ ಸಜೆ,
ಮೇಲಿನವರಿಗೆ ಬೆಟ್ಟದ ಮಂಜು, ಕೆಳಗಿನವರಿಗೆ ಕಾಡಿನ ನಂಜು.

ಡಿ ಝೊಯ್ಸಾ ಎಂಬ ನನ್ನ ಕಿರಿಯ ಗುಮಾಸ್ತ ಇದನ್ನು ಬ್ಲಾಟಿಂಗ್ ಕಾಗದದ ಹಿಂದೆ ಬರೆದಿಟ್ಟುಕೊಂಡಿದ್ದಾನೆ. ಬಾಯಿ ಸುಮ್ಮನಿರದ ಆಸಾಮಿ. ಎರಡು ವಾರದ ಹಿಂದೆ ಟಪಾಲು ಬಿಚ್ಚುತ್ತ ಇಡೀ ಶಾಖೆಗೆ ಕೇಳುವಂತೆ, “ಸಾರ್, ನಿಮ್ಮ ಜಾಫ್ನಾ ಭಾವಂದು ಅರ್ಜಿ ಬಂತು! ಕೆಂಪು ಹಾಸು ಹಾಸ್ಲಾ?” ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಂತೂ ಅರ್ಜಿ ತಲುಪಿದೆ. ಇಷ್ಟು ಹೇಳಿದ್ದೂ ತಪ್ಪೇ. ಖಾಲಿ ಇರುವುದು ಒಂದೇ ಜಾಗ, ಪಾಣದುರೆಯ ಕಡಲ ರಸ್ತೆ. ಪಟ್ಟಿ ಅಕ್ಟೋಬರ್ ಹದಿನೈದಕ್ಕೆ ಮೇಲೆ ಹೋಗುತ್ತದೆ. ಅರ್ಜಿಗಳು ಬಂದ ಸರದಿಯಂತೆ. ಅದು ನಿಯಮ.

ತಂಗಮುತ್ತುವಿಗೆ ನನ್ನ ನಮಸ್ಕಾರ. ಅವಳ ಹುಣಸೆಹುಳಿಯ ಮೀನುಸಾರು ನೆನೆದರೆ ನನ್ನ ಅಕ್ಕ ಡೋರಾಗೆ ಹೊಟ್ಟೆಕಿಚ್ಚು.

ನಿನ್ನ,
ವೆರ್ನನ್ ಕೆಲಾರ್ಟ್


ಕರುಂಕುಳಂ,
21 ನವೆಂಬರ್ 1926

ಪ್ರಿಯ ವೆರ್ನನ್,

ಪಟ್ಟಿ ಬಂತು. ಪಾಣದುರೆ ಮಾಂಕುಳಂ ರಸ್ತೆಯ ವಾಂಡೋರ್ಟನಿಗೆ ಸಿಕ್ಕಿತು. ಒಂದು ಜಾಗಕ್ಕೆ ಇಬ್ಬರು ಎಂದ ಮೇಲೆ ಒಬ್ಬ ಎರಡನೆಯವನಾಗಲೇಬೇಕು.

ಹೋಗುವ ದಾರಿಯಲ್ಲಿ ಅವನು ನಮ್ಮಲ್ಲಿ ಗಾಡಿ ನಿಲ್ಲಿಸಿದ. ಗಾಡಿಯ ತುಂಬ ಕೋಳಿಪಂಜರ, ಮೇಲೊಂದು ತೂಗುಕುರ್ಚಿ, ಅದರ ಮೇಲೆ ಅವನು. ಒಳ್ಳೆಯ ಮನುಷ್ಯ. ತಂಗಮುತ್ತು ಚಹಾ ಕೊಟ್ಟಳು.

“ನನಗಂತೂ ನಂಬಕ್ಕೇ ಆಗ್ಲಿಲ್ಲ ತಾಮೋದರಂ. ಸೆಪ್ಟೆಂಬರ್ ಕೊನೇಲಿ ಅರ್ಜಿ ಹಾಕ್ದೋನು ನಾನು. ಮುಂದಿನ ವರ್ಷಕ್ಕೆ ಸಿಕ್ರೆ ಪುಣ್ಯ ಅಂದ್ಕೊಂಡಿದ್ದೆ. ನೀವು ಯಾವಾಗ ಹಾಕಿದ್ರಿ?”

“ಹೆಚ್ಚು ಕಡಿಮೆ ಆಗಲೇ” ಎಂದೆ. ಬಿಸ್ಕತ್ತು ತಟ್ಟೆ ಅವನ ಕಡೆ ಸರಿಸಿದೆ.

ಮಳೆ ಹದಿನಾಲ್ಕನೆಯ ತಾರೀಖು ಹಿಡಿಯಿತು. ಮೂರು ಮೋರಿಗಳ ಮೇಲೆ ನೀರು ಹರಿಯುತ್ತಿದೆ. ತಂಗಮುತ್ತುವಿಗೆ ನಿನ್ನೆಯಿಂದ ಚಳಿ. ನನಗೆ ಇನ್ನೂ ಬಂದಿಲ್ಲ. ಆದರೂ ಡಾಕ್ಟರ ಮಾತಿನಂತೆ ದಿನಾ ಕ್ವಿನೈನ್ ನುಂಗುತ್ತಿದ್ದೇನೆ.

ತಾಮೋದರಂ


ಬಂಬಲಪಿಟಿಯ, ಕೊಲಂಬೊ.
29 ಡಿಸೆಂಬರ್ 1926

ಪ್ರಿಯ ತಾಮು,

ಕ್ರಿಸ್‌ಮಸ್ಸಿಗೆ ಡೋರಾ ಮಾಡಿದ ಬ್ರೂಡರ್ ಕೇಕನ್ನು ರೈಲಿನಲ್ಲಿ ಕಳಿಸಿದ್ದೇನೆ. ವವುನಿಯಾ ಸ್ಟೇಷನ್ ಮಾಸ್ತರರು ತುಂಡು ಮುರಿದುಕೊಳ್ಳದಿದ್ದರೆ ಇಡಿಯಾಗಿ ತಲುಪುತ್ತದೆ. ಜೊತೆಗೆ ಎರಡು ಬಾಟಲಿ ಟಾನಿಕ್ ಇದೆ.

ನಿನ್ನ ಕಾಗದ ಬಂದು ಒಂದು ತಿಂಗಳಾದರೂ ನಿನಗೆ ಬರೆಯಲಿಲ್ಲ. ಕೆಲಸ ಎಂದು ಬರೆಯಲು ಹೊರಟೆ, ಆಮೇಲೆ ಹೊಡೆದುಹಾಕಿದೆ. ಹೊಡೆದುಹಾಕಿದ್ದು ನಿನಗೆ ಕಾಣುತ್ತದೆ. ಇರಲಿ.

ಮುಂದಿನ ಪಟ್ಟಿ ಏಪ್ರಿಲ್‌ಗೆ. ಅಲ್ಲಿಯವರೆಗೆ ಕಾಯಬೇಕಾಗಿ ಬಂದದ್ದು ಸರಿಯಲ್ಲವೆಂದು ನನಗನ್ನಿಸಿ, ಈ ಹತ್ತರಂದು ನಿನ್ನ ಫೈಲು ಹಿಡಿದು ಉಪನಿರ್ದೇಶಕ ದೊರೆಯ ಕೋಣೆಗೆ ಹೋದೆ. ಅವನು ಗಾಲ್ಫ್ ಕೋಲಿಗೆ ಹೊಸ ಹಿಡಿ ಸುತ್ತುತ್ತಿದ್ದ.

“ಏನು ಕೆಲಾರ್ಟ್?”

“ಕರುಂಕುಳಂ ಓವರ್‌ಸಿಯರ್ ವಿಷಯ ಸಾರ್. ಎರಡು ವರ್ಷ ದಾಟಿದೆ. ಏಪ್ರಿಲ್‌ವರೆಗೂ ಕಾಯೋದು ಬೇಡ ಅಂತ...”

ದೊರೆ ತಲೆಯೆತ್ತಿದ. “ನಿಮಗೆ ಬೇಕಾದವನೇನು?”

ಸಿಟ್ಟಿನಿಂದ ಕೇಳಿದ್ದಲ್ಲ. ಸುಮ್ಮನೆ ಕೇಳಿದ. ಹೌದು ಎಂದಿದ್ದರೆ, ಸರಿ ತನ್ನಿ ಎನ್ನುತ್ತಿದ್ದನೋ ಏನೋ. ನಾನು “ಹಾಗೇನಿಲ್ಲ ಸಾರ್” ಎಂದೆ. ಫೈಲನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದೆ.

ನಿನಗೆ ಇದನ್ನು ಯಾಕೆ ಹೇಳಿದೆನೋ ಗೊತ್ತಿಲ್ಲ. ನಾನು ಪ್ರಯತ್ನ ಮಾಡಿದೆ ಎಂದು ನಿನಗೆ ತಿಳಿಯಲಿ ಎಂದಿರಬೇಕು.

ಹೊಸ ವರ್ಷ ಹರ್ಷ ತರಲಿ. ಪ್ರಾಸ ಹಳೆಯದು, ಹಾರೈಕೆ ಹೊಸದು.

ವೆರ್ನನ್


ಕರುಂಕುಳಂ,
9 ಮಾರ್ಚ್ 1927

ವೆರ್ನನ್,

ಕೇಕು ಬಂತು. ಅದಕ್ಕೆ ಕೃತಜ್ಞತೆ ತಿಳಿಸಿರಲಿಲ್ಲ. ಜನವರಿಯೆಲ್ಲ ಇಬ್ಬರೂ ಮಲಗಿದ್ದೆವು.

ಮೂವತ್ತೊಂದನೆಯ ಮೈಲಿಯ ಸೇತುವೆ ಶುಕ್ರವಾರ ಮುರಿಯಿತು. ಅದನ್ನು ಹೇಗೆ ಬರೆಯಲಿ? ಇಲಾಖೆಗೆ ಬರೆದ ಹಾಗೆ ನಿನಗೆ ಬರೆಯಲಾರೆ.

ಮಳೆ ನಿಂತ ಮೇಲೆ ಸೇತುವೆಗಳನ್ನೆಲ್ಲ ತಟ್ಟಿ ನೋಡುವುದು ವಾಡಿಕೆ. ನಾನು ಮುಂದೆ, ಕರುಪ್ಪನ್ ಹಿಂದೆ. ಮೂವತ್ತೊಂದರ ಎಡತೊಲೆಗೆ ಕೊಡತಿ ಹಾಕಿದೆ. ನನ್ನ ತಲೆಯೊಳಗೆ ಆಗಲೂ ಸದ್ದು, ಆಮೇಲೂ ಸದ್ದು. ಅದರಲ್ಲಿ ತೊಲೆಯದು ಯಾವುದು, ನನ್ನದು ಯಾವುದು? ಬಿಗಿಯಾಗಿದೆ ಅನ್ನಿಸಿತು. ಅನ್ನಿಸಿತು ಎಂದು ಬರೆಯುವುದೂ ಸುಳ್ಳು. ಬಿಗಿಯಾಗಿರಲಿ ಎಂದುಕೊಂಡೆ. ಸುಣ್ಣದಲ್ಲಿ ಸರಿ ಎಂದು ಗುರುತು ಹಾಕಿ ಮುಂದೆ ನಡೆದೆ.

ಕರುಪ್ಪನ್ ಹಿಂದಿನಿಂದ ಕೂಗಿದನಂತೆ: “ಅಯ್ಯಾ, ಸದ್ದು ಸರಿಯಿಲ್ಲ, ಒಳಗೆ ಟೊಳ್ಳಾಗಿದೆ, ಇನ್ನೊಂದ್ಸಲ ತಟ್ಟಿ!” ಮೂರು ಸಲ ಕೂಗಿದನೆಂದು ಕೂಲಿಯವರು ಹೇಳುತ್ತಾರೆ. ಅಯ್ಯ ತಿರುಗಿ ನೋಡಲಿಲ್ಲವಲ್ಲ, ಬೇಕೆಂದೇ ಸುಮ್ಮನಿದ್ದಾರೆ, ಅವರಿಗೆ ನನಗಿಂತ ಹೆಚ್ಚು ಗೊತ್ತು ಎಂದುಕೊಂಡು ಅವನೂ ನನ್ನ ಹಿಂದೆಯೇ ಜಲ್ಲಿಗಾಡಿಯನ್ನು ಸೇತುವೆಯ ಮೇಲೆ ನಡೆಸಿದ. ನನ್ನ ಮೇಲಿನ ಗೌರವಕ್ಕೆ ನಡೆಸಿದ, ವೆರ್ನನ್.

ಎತ್ತುಗಳು ಬದುಕಿದವು. ಗಾಡಿ ಅವನ ಸೊಂಟದ ಮೇಲೆ ಬಿತ್ತು. ಆ ಸದ್ದು ಸಹ ನನಗೆ ಕೇಳಿಸಲಿಲ್ಲ. ಕೂಲಿಯವರು ಓಡಿದ್ದು ಕಂಡು ತಿರುಗಿದೆ.

ವವುನಿಯಾ ಆಸ್ಪತ್ರೆಯಲ್ಲಿದ್ದಾನೆ. ಬದುಕುತ್ತಾನೆ, ಮೊದಲಿನಂತೆ ನಡೆಯುವುದಿಲ್ಲ. ನನ್ನನ್ನು ಕಂಡು ಅವನು ಏನೋ ಹೇಳಿದ. ತಂಗಮುತ್ತು ನನ್ನ ಕಿವಿಗೆ ಬಾಯಿಟ್ಟು ಕೂಗಿ ಹೇಳಬೇಕಾಯಿತು: “ನೀವು ಅಳಬೇಡಿ ಅಯ್ಯಾ, ನೋಡೋರಿಗೆ ಚೆನ್ನಾಗಿರಲ್ಲ ಅಂತಿದಾನೆ.”

ನನ್ನ ಮೇಲೆ ನಾನೇ ವರದಿ ಬರೆದು ಇವತ್ತಿನ ಟಪಾಲಿಗೆ ಹಾಕಿದ್ದೇನೆ. ಕಿವಿ ಕೇಳದೆಯೂ ಕೇಳಿತೆಂದು ಗುರುತು ಹಾಕಿದೆ ಎಂದು ಸ್ಪಷ್ಟವಾಗಿ ಬರೆದಿದ್ದೇನೆ.

ತಾಮೋದರಂ


ಕೊಲಂಬೊ,
16 ಮಾರ್ಚ್ 1927

ತಾಮು,

ನಿನ್ನ ವರದಿ ನನ್ನ ಮೇಜಿನ ಮೇಲಿದೆ. ಇನ್ನೂ ಮೇಲೆ ಕಳಿಸಿಲ್ಲ. ಡಿ ಝೊಯ್ಸಾನಿಗೂ ತೋರಿಸಿಲ್ಲ.

ಮಾರಾಯ, ಇಂಥದ್ದನ್ನು ಯಾರಾದರೂ ಬರೆಯುತ್ತಾರೆಯೇ? ತೊಲೆಯನ್ನು ಗೆದ್ದಲು ತಿಂದಿತ್ತು. ಗೆದ್ದಲಿಗೆ ಪಿಂಚಣಿಯ ಚಿಂತೆಯಿಲ್ಲ, ಅದರ ಮೇಲೆ ಹಾಕು. ಮಳೆ ಹೆಚ್ಚಾಗಿತ್ತು, ಅದರ ಮೇಲೆ ಹಾಕು. ನೀನು ಬರೆದಂತೆಯೇ ಹೋದರೆ ನಿನ್ನನ್ನು ವೈದ್ಯರ ಮಂಡಳಿಯ ಮುಂದೆ ನಿಲ್ಲಿಸುತ್ತಾರೆ, ಅಲ್ಲಿಂದ ನೇರ ಮನೆಗೆ. ಇನ್ನು ಮೂರು ವಾರದಲ್ಲಿ ಏಪ್ರಿಲ್ ಪಟ್ಟಿ. ಕಳುತರೆಯಲ್ಲಿ ಜಾಗವಿದೆ, ಅಲ್ಲಿ ಮರದ ಸೇತುವೆ ಒಂದೂ ಇಲ್ಲ. ನಿನ್ನ ಹೆಸರನ್ನು ನಾನೇ ಮೊದಲು ಬರೆಯುತ್ತೇನೆ. ಯಾರು ಏನು ಬೇಕಾದರೂ ಅಂದುಕೊಳ್ಳಲಿ.

ಒಂದೇ ಒಂದು ತಂತಿ ಕೊಡು: ಹಿಂದಕ್ಕೆ ಪಡೆದಿದ್ದೇನೆ ಎಂದು. ಈ ಕಾಗದ ನನ್ನ ಡ್ರಾಯರ್‌ನಲ್ಲಿ ಎಷ್ಟು ದಿನ ಬೇಕಾದರೂ ಇರುತ್ತದೆ.

ನಿನ್ನ ಕಾಲಿಗೆ ಬೀಳುತ್ತೇನೆ.

ವೆರ್ನನ್


ವವುನಿಯಾ ಆಸ್ಪತ್ರೆ,
21 ಮಾರ್ಚ್ 1927

ವೆರ್ನನ್,

ಕಳಿಸು. ಬಂದ ಕಾಗದವನ್ನು ಬಂದ ಹಾಗೆ ಕಳಿಸು. ಡ್ರಾಯರ್‌ನಲ್ಲಿ ಇಡಬೇಡ.

ತಾಮೋದರಂ


ಬಂಬಲಪಿಟಿಯ,
4 ಆಗಸ್ಟ್ 1927

ಪ್ರಿಯ ತಾಮು,

ಜಾಫ್ನಾದಿಂದ ಬಂದು ಎಂಟು ದಿನವಾಯಿತು. ನಿಮ್ಮ ಮನೆಯಲ್ಲಿ ತಿಂದ ತಾಳೆಬೆಲ್ಲದ ಸಿಹಿ ಇನ್ನೂ ನಾಲಿಗೆಯ ಮೇಲಿದೆ. ಅದನ್ನು ಬರೆಯಲು ಈ ಕಾಗದ ಹಿಡಿದಿಲ್ಲ.

ಆ ಶನಿವಾರ ನಿನ್ನ ಜಗಲಿಯ ಮೇಲೆ ಕೂತು ಅರ್ಧ ಗಂಟೆ ಒಂದೇ ಸಮನೆ ಮಾತಾಡಿದೆನಲ್ಲ, ನೆನಪಿದೆಯೆ? ರೈಲಿನಲ್ಲಿ ಬರುವಾಗ ಮಾಹೋ ಜಂಕ್ಷನ್ನಿನಿಂದ ನಿಮ್ಮೂರಿನವರೆಗೆ ಬಾಯಿಪಾಠ ಮಾಡಿಕೊಂಡು ಬಂದ ಮಾತು ಅದು. ನಿನ್ನ ಮುಖ ನೋಡದೆ, ನಿನ್ನ ಬೇಲಿಯ ತಾಳೆಗರಿಗಳನ್ನು ನೋಡುತ್ತ ಹೇಳಿದೆ. ನೀನು ತಲೆಯಾಡಿಸಿದೆ. ಕೊನೆಗೆ ನನ್ನ ಬೆನ್ನು ತಟ್ಟಿದೆ. ನನ್ನ ಎದೆ ಹಗುರಾಯಿತು. ಬದುಕಿದೆ ಎಂದುಕೊಂಡೆ.

ಹೊರಡುವಾಗ ತಂಗಮುತ್ತು ಬಾವಿಯ ಹತ್ತಿರ ಕರೆದು ಹೇಳಿದಳು: “ಅಣ್ಣಾ, ಬೇಜಾರು ಮಾಡ್ಕೋಬೇಡಿ. ಅವರಿಗೆ ನಿಮ್ಮ ಮಾತು ಒಂದೂ ಕೇಳಿಸ್ಲಿಲ್ಲ. ತುಟಿ ನೋಡಿ ಅರ್ಥ ಮಾಡ್ಕೋತಾರೆ, ನೀವು ಆ ಕಡೆ ತಿರುಗಿ ಕೂತಿದ್ರಿ. ‘ವೆರ್ನನ್ ಪಾಪ, ಮಳೆ ಬೆಳೆ ವಿಷಯ ಹೇಳ್ತಿದ್ದ, ಸುಮ್ನೆ ತಲೆಯಾಡಿಸ್ದೆ’ ಅಂದ್ರು.”

ಆದ್ದರಿಂದ ಇದು. ಇದರಲ್ಲಿ ಪ್ರಾಸ ಹುಡುಕಬೇಡ.

ನಿನ್ನ ಅರ್ಜಿ ಹೋದ ವರ್ಷ ಸೆಪ್ಟೆಂಬರ್ ಮೂರರಂದು ನಮ್ಮ ಕಚೇರಿಗೆ ಬಂತು. ಡಿ ಝೊಯ್ಸಾ ಕೂಗಿದ್ದು, ಎಲ್ಲರೂ ನಕ್ಕದ್ದು ನಿನಗೆ ಬರೆದಿದ್ದೆ. ಆಮೇಲೆ ನಾನು ಮಾಡಿದ್ದನ್ನು ಬರೆದಿರಲಿಲ್ಲ. ದಾಖಲೆ ಪುಸ್ತಕದಲ್ಲಿ ಅದನ್ನು ಏರಿಸಲಿಲ್ಲ. ಡ್ರಾಯರ್‌ನಲ್ಲಿ ಹಾಕಿದೆ. ಇನ್ನೊಂದು ಅರ್ಜಿ ಬರಲಿ, ಅದರ ಹಿಂದೆ ಇದನ್ನಿಟ್ಟರೆ ಕೆಲಾರ್ಟ್ ತನ್ನ ಗೆಳೆಯನನ್ನು ಮುಂದೆ ತಂದ ಎಂದು ಯಾವ ನಾಲಿಗೆಯೂ ಆಡಲಾರದು ಎಂದುಕೊಂಡೆ. ಇಪ್ಪತ್ತೊಂಬತ್ತಕ್ಕೆ ವಾಂಡೋರ್ಟನದು ಬಂತು. ಅವನನ್ನು ಮೊದಲು ಏರಿಸಿದೆ, ನಿನ್ನನ್ನು ಎರಡನೆಯದಾಗಿ. ಇನ್ನೂ ಎರಡು ಜಾಗ ಖಾಲಿಯಾಗುತ್ತವೆ, ಇಬ್ಬರಿಗೂ ಸಿಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆಗಲಿಲ್ಲ. ದೊರೆ ಪಟ್ಟಿಯನ್ನು ಓದದೆ ಸಹಿ ಹಾಕಿದ. ಹೇಗಿಟ್ಟಿದ್ದರೂ ಹಾಕುತ್ತಿದ್ದ.

ಅದೇ ತಿಂಗಳು ಬದುಳ್ಳೆಯ ಓವರ್‌ಸಿಯರ್ ಒಬ್ಬನ ಹೆಂಡತಿ ಕಚೇರಿಯ ಮೆಟ್ಟಿಲ ಮೇಲೆ ಅತ್ತಳು. ಅವನ ರಜೆಯ ಅರ್ಜಿಗೆ ಎರಡು ದಿನ ಹಿಂದಿನ ತಾರೀಖು ಹಾಕಿ ಸರದಿಯಲ್ಲಿ ಮುಂದೆ ತಂದೆ. ಅವನ ಹೆಸರೂ ಈಗ ನೆನಪಿಲ್ಲ. ಹದಿನಾರು ವರ್ಷದಲ್ಲಿ ಹಾಗೆ ಎಷ್ಟೋ ಜನಕ್ಕೆ ಮಾಡಿದ್ದೇನೆ. ಗುರುತಿಲ್ಲದವರಿಗೆಲ್ಲ ನನ್ನ ದಯೆ ತೋರಿಸಿದೆ. ನಿನಗೊಬ್ಬನಿಗೆ ನನ್ನ ಪ್ರಾಮಾಣಿಕತೆ ತೋರಿಸಿದೆ.

ಮೊದಲಿಟ್ಟಿದ್ದರೆ ಮಳೆಗೆ ಮುಂಚೆ ನೀನು ಪಾಣದುರೆಯಲ್ಲಿರುತ್ತಿದ್ದೆ. ಕಿವಿ ಉಳಿಯುತ್ತಿತ್ತು. ಕರುಪ್ಪನ್ ನಡೆಯುತ್ತಿದ್ದ. ವೈದ್ಯರ ಮಂಡಳಿ ನಿನ್ನನ್ನು ಮನೆಗೆ ಕಳಿಸಿದ ಆಜ್ಞೆಯ ಪ್ರತಿಯನ್ನು ನಾನೇ ನನ್ನ ಕೈಯಾರೆ ಬರೆದೆ. ಅಕ್ಷರ ದುಂಡಗೆ ಬಂದಿದೆಯೆಂದು ಡಿ ಝೊಯ್ಸಾ ಹೊಗಳಿದ.

ನೀನು ಬೆನ್ನು ತಟ್ಟಿದ್ದು ಮಳೆ ಬೆಳೆಯ ಮಾತಿಗೆ. ಅದನ್ನು ಹಿಂದಕ್ಕೆ ಪಡೆಯಬೇಕೆನ್ನಿಸಿದರೆ ಪಡೆ.

ವೆರ್ನನ್


ವಣ್ಣಾರ್‌ಪಣ್ಣೈ, ಜಾಫ್ನಾ.
30 ಆಗಸ್ಟ್ 1927

ವೆರ್ನನ್,

ನಿನ್ನ ಕಾಗದವನ್ನು ತಂಗಮುತ್ತು ಮೊದಲು ಓದಿದಳು. ಓದಿ, ಸ್ಲೇಟಿನಲ್ಲಿ ಏನೋ ಬರೆದಳು, ಅಳಿಸಿದಳು, ಅಡುಗೆಮನೆಗೆ ಹೋದಳು. ನಮ್ಮ ಮನೆಯ ಮಾತುಕತೆಯೆಲ್ಲ ಈಗ ಸ್ಲೇಟಿನಲ್ಲೇ. ಜಗಳವಾಡಿದ ದಿನ ಸೀಮೆಸುಣ್ಣ ಸಾಲುವುದಿಲ್ಲ.

ವಾಂಡೋರ್ಟ್ ಚಹಾ ಕುಡಿದ ದಿನವೇ ನನಗೆ ಗೊತ್ತಾಗಿತ್ತು. ಆಗಸ್ಟಿನ ಕಾಗದ ಸೆಪ್ಟೆಂಬರ್ ಕೊನೆಯ ಕಾಗದದ ಹಿಂದೆ ಬೀಳಬೇಕಾದರೆ ದಾರಿಯಲ್ಲಿ ಯಾವುದೋ ಮೇಜಿನಲ್ಲಿ ನಿದ್ದೆ ಮಾಡಿರಬೇಕು. ಯಾವ ಮೇಜು ಎನ್ನುವುದೂ ಕಷ್ಟದ ಲೆಕ್ಕವಲ್ಲ. ನೀನೇ ಹೇಳುತ್ತೀಯೆಂದು ಕಾದೆ. ಡಿಸೆಂಬರಿನಲ್ಲಿ ಹೇಳಿದ್ದರೆ ಜಗಳವಾಡಿ, ರಜೆ ಹಾಕಿ ತಂಗಮುತ್ತುವನ್ನು ಕರೆದುಕೊಂಡು ಊರಿಗೆ ಹೋಗಿಬಿಡುತ್ತಿದ್ದೆ. ನೀನು ಕೇಕು ಕಳಿಸಿದೆ. ಹೋಗುವುದು ಹೇಗೆ? ವೆರ್ನನ್ ನೋಡಿಕೊಳ್ಳುತ್ತಾನೆ ಎಂದು ಉಳಿದೆ. ಆ ತಪ್ಪು ನನ್ನದು. ಅದನ್ನು ನಿನ್ನ ಮೇಲೆ ಹಾಕುವುದಿಲ್ಲ.

ನೀನು ದಯೆ ಎಂದು ಬರೆದಿದ್ದೀಯ, ಪ್ರಾಮಾಣಿಕತೆ ಎಂದು ಬರೆದಿದ್ದೀಯ. ನಾನು ಎರಡನ್ನೂ ಕೇಳಿರಲಿಲ್ಲ. ನಾನು ಕೇಳಿದ್ದು ನನ್ನ ಸರದಿ.

ತಂಗಮುತ್ತು ಸ್ಲೇಟನ್ನು ಮತ್ತೆ ತಂದಳು. ‘ಅಣ್ಣನನ್ನ ಕ್ಷಮಿಸಿದ್ರಾ?’ ಎಂದಿತ್ತು. ‘ಅರ್ಜಿ ತಲುಪಿದೆ, ಪರಿಶೀಲನೆಯಲ್ಲಿದೆ’ ಎಂದು ಬರೆದೆ. ನಕ್ಕಳೋ ಅತ್ತಳೋ ಗೊತ್ತಾಗಲಿಲ್ಲ. ಸದ್ದಿಲ್ಲದೆ ಎರಡೂ ಒಂದೇ ಥರ ಕಾಣುತ್ತವೆ.

ಈಗ ಕೆಲಸದ ಮಾತು. ಕರುಪ್ಪನ್ ಕೋಲೂರಿಕೊಂಡು ನಾಲ್ಕು ಹೆಜ್ಜೆ ಹಾಕುತ್ತಾನೆ. ಇನ್ನು ತಂಡ ನಡೆಸಲಾರ, ತಂಡ ಬಿಟ್ಟರೆ ಇಲಾಖೆ ಕೊಟ್ಟ ಕೂಲಿ ಲೈನಿನ ಕೋಣೆಯನ್ನೂ ಬಿಡಬೇಕು. ರಸ್ತೆ ಬದಿಯ ಸರ್ಕಾರಿ ಬಂಗಲೆಗಳಿಗೆ ಕಾವಲುಗಾರರನ್ನು ತೆಗೆದುಕೊಳ್ಳುತ್ತಾರಂತೆ. ಅವನ ಪರವಾಗಿ ಅರ್ಜಿ ಬರೆದು, ಹೆಬ್ಬೆಟ್ಟು ಒತ್ತಿಸಿ, ಜಿಲ್ಲೆಯ ಮೂಲಕ ಕಳಿಸಿದ್ದೇನೆ. ಅಕ್ಷರ ನನ್ನದೆಂದು ನೋಡಿದ ಕೂಡಲೇ ತಿಳಿಯುತ್ತದೆ.

ಅದನ್ನು ಎಲ್ಲದರ ಮೇಲಿಡು ಎಂದು ಬರೆಯಲು ಕೈ ಬಂತು. ನನ್ನಿಂದ ಸೊಂಟ ಮುರಿದುಕೊಂಡವನು, ಅವನಿಗಾಗಿ ಕೇಳಲು ನನಗೆ ನಾಚಿಕೆಯಿಲ್ಲ. ಆದರೆ ನಾನು ಕೇಳಿದರೆ ನೀನು ಹೆದರಿ ಕೆಳಗಿಡುತ್ತೀಯ. ಅಥವಾ ನನ್ನ ಋಣವೆಂದು ಮೇಲಿಡುತ್ತೀಯ, ಆಗ ಇನ್ನಾವನೋ ಒಬ್ಬ ತನ್ನ ಠಾಣೆಯಲ್ಲಿ ಕೂತು ತಿಂಗಳು ಎಣಿಸುತ್ತಾನೆ. ಮೇಲೂ ಬೇಡ, ಕೆಳಗೂ ಬೇಡ. ಬಂದ ದಿನ ಬಂದ ಜಾಗದಲ್ಲಿಡು. ಇಷ್ಟು ಸುಲಭದ ಕೆಲಸ ಅದು, ವೆರ್ನನ್.

ತಾಮೋದರಂ


ಸಿಬ್ಬಂದಿ ಶಾಖೆ, ಕೊಲಂಬೊ.
12 ನವೆಂಬರ್ 1927

ಪ್ರಿಯ ತಾಮು,

ಕರುಪ್ಪನ್‌ನ ಅರ್ಜಿ ಸೆಪ್ಟೆಂಬರ್ ಹದಿನಾಲ್ಕಕ್ಕೆ ಬಂತು. ಬಂದ ಗಳಿಗೆಯಲ್ಲೇ ದಾಖಲೆ ಪುಸ್ತಕದಲ್ಲಿ ಏರಿಸಿದೆ. ಅದಕ್ಕಿಂತ ಮೊದಲು ಎಂಟು ಬಂದಿದ್ದವು. ಇದು ಒಂಬತ್ತನೆಯದು.

ಹುದ್ದೆಗಳು ಏಳು.

ಪಟ್ಟಿ ಬರೆಯುವ ದಿನ ಅವನ ಕಾಗದವನ್ನು ಎರಡು ಸಲ ಕೈಗೆತ್ತಿಕೊಂಡೆ. ಏಳನೆಯವನು ಮಾತಳೆಯ ಒಬ್ಬ ಮುದುಕ, ಕಲ್ಲುಸಿಡಿತದಲ್ಲಿ ಒಂದು ಕಣ್ಣು ಕಳೆದುಕೊಂಡವನು. ಎಂಟನೆಯವನಿಗೆ ಆರು ಹೆಣ್ಣುಮಕ್ಕಳು. ಇದೆಲ್ಲ ಅರ್ಜಿಯಲ್ಲಿ ಯಾವಾಗಲೂ ಇರುತ್ತದೆ. ಇಷ್ಟು ವರ್ಷ ನನಗೆ ಬೇಕೆನಿಸಿದಾಗ ಮಾತ್ರ ಓದುತ್ತಿದ್ದೆ, ಈ ಸಲ ಒಂಬತ್ತನ್ನೂ ಓದಿದೆ. ಓದಿ, ಬಂದ ಹಾಗೆಯೇ ಬರೆದೆ. ದೊರೆ ನಿನ್ನೆ ಸಹಿ ಹಾಕಿದ.

ಅವನಿಗೆ ಸಿಕ್ಕಿಲ್ಲ.

ಕೂಲಿ ಲೈನಿನ ಕೋಣೆಯನ್ನು ಮಾರ್ಚ್‌ವರೆಗೆ ಬಿಡಿಸಬಾರದೆಂದು ಜಿಲ್ಲಾ ಇಂಜಿನಿಯರಿಗೆ ನನ್ನ ಹೆಸರಿನಲ್ಲೇ ಕಾಗದ ಬರೆದಿದ್ದೇನೆ. ಅರ್ಜಿದಾರ ನನಗೆ ಬೇಕಾದವನು ಎಂದೂ ಅದರಲ್ಲಿ ಬರೆದಿದ್ದೇನೆ. ಉತ್ತರ ಬಂದಿಲ್ಲ. ಖಾಸಗಿ ಶಿಫಾರಸು ಎಂದು ನನ್ನದೇ ಸುತ್ತೋಲೆಯನ್ನು ನನಗೇ ತಿರುಗಿಸಿ ಕಳಿಸಬಹುದು.

ತಿರಸ್ಕಾರದ ತಿಳುವಳಿಕೆ ಪತ್ರ ಸಿದ್ಧವಾಗಿದೆ. ಅದನ್ನು ಟಪಾಲಿಗೆ ಹಾಕುವುದಿಲ್ಲ. ಮೂರು ದಿನದ ರಜೆ ಕೇಳಿದ್ದೇನೆ. ಬುಧವಾರದ ರೈಲಿಗೆ ವವುನಿಯಾಕ್ಕೆ ಹೋಗಿ, ಅವನ ಎದುರು ಕೂತು, ಪತ್ರ ಓದಿ ಹೇಳುತ್ತೇನೆ. ಅಯ್ಯನ ಕಾಗದ ಹೋದ ವರ್ಷ ಎಲ್ಲಿತ್ತು ಎನ್ನುವುದನ್ನೂ ಹೇಳುತ್ತೇನೆ.

ಅವನಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ.

ವೆರ್ನನ್